ಜರಡಿ ಕೇಳಲು ಬಂದವನ ಪದ್ಯ

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ, ಪದ್ಯದೊಳಗಿನ ಸಾಮಾನುಗಳನ್ನೂ ಬದಲಿಸಿದ್ದೇನೆ. ಕೊಕ್ಕನೂರಿಗೆ ಹೋಗಿ ಪಾಲಯ್ಯ ಎಂಬುವರ ಮನೆ ಯಾವುದು ಎಂದು ಕೇಳಬೇಡಿ, ಬಸ್ ಚಾರ್ಜು ದಂಡ. ಇದರಲ್ಲಿ ಬರುವ ಉಡಚಮ್ಮ ಕಣ್ಣು ತೋರಿಸಲು ದಾವಣಗೆರೆಗೆ ಬಂದಿದ್ದಾಗ ಇದನ್ನು ಪೂರ್ತಿ ಅವರ ಕೈಗೆ ಕೊಟ್ಟು ಓದಿಸಿದ್ದೇನೆ. ಎರಡು ಕಡೆ ತಿದ್ದಿದರು. ಎಲ್ಲಿ ಎಂದು ಹೇಳುವುದಿಲ್ಲ. ಬದಲಿಸಿ ಹೇಳುವ ವಿದ್ಯೆಯನ್ನು ನನಗೆ ಕಲಿಸಿದವರೇ ಅವರು. ಎಂ.ಎ.ಯಲ್ಲಿ ಅದನ್ನು ಕಲಿಸಿರಲಿಲ್ಲ.

ಹೌದು, ನಾನು ಕನ್ನಡ ಎಂ.ಎ. ಅದನ್ನು ಓದಿದವರು ಏನಾಗುತ್ತಾರೋ ಅದೇ ಆಗಿದ್ದೇನೆ: ವಿದ್ಯಾನಗರದಲ್ಲಿ ಅತೀಕ್ ಭಾಯಿಯ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಬೆಳಿಗ್ಗೆ ಲಗ್ನಪತ್ರಿಕೆ, ಮಧ್ಯಾಹ್ನ ಹಾಸ್ಟೆಲ್ ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಸಂಜೆ ತಿಥಿ ಕಾರ್ಡು. ನಮ್ಮಲ್ಲೇ ಒಂದು ನಾಲ್ಕು ಪುಟದ ಸ್ಥಳೀಯ ಪತ್ರಿಕೆಯೂ ಅಚ್ಚಾಗುತ್ತದೆ. ಭಾನುವಾರ ಜಾಹೀರಾತು ಕಡಿಮೆ ಬಂದರೆ ಮೂರನೇ ಪುಟದಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗದ ಹೆಸರೇ ನಾನು, ಸಾಹಿತ್ಯ ವಿಮರ್ಶಕ ರವಿಚಂದ್ರ. ನಾನು ಬರೆದಿದ್ದನ್ನು ಅತೀಕ್ ಭಾಯಿ ಮಾತ್ರ ಓದುತ್ತಿದ್ದರು, ಅದೂ ಇಂಕು ಸರಿ ಕೂತಿದೆಯೋ ಇಲ್ಲವೋ ನೋಡಲು.

ಹೋದ ವರ್ಷದ ಮದುವೆ ಸೀಸನ್ನಿನಲ್ಲಿ ಹರಿಹರದ ಒಂದು ಕಲ್ಯಾಣಮಂಟಪಕ್ಕೆ ಹೋಗಿದ್ದೆ. ಕಾರ್ಡು ನಮ್ಮಲ್ಲೇ ಅಚ್ಚಾಗಿದ್ದರಿಂದ ನನಗೂ ಒಂದು ಕರೆ ಬಂದಿತ್ತು. ಅಚ್ಚು ಹಾಕಿದವನಿಗೆ ಕೊಡುವ ಕರೆ ಬಾಯಿಮಾತಿನದು ಎಂದು ಗೊತ್ತಿದ್ದರೂ ಊಟಕ್ಕೆ ಹೋಗುವ ಜಾತಿ ನನ್ನದು. ಊಟ ಮುಗಿದು ಎಲೆಅಡಿಕೆ ಹೊತ್ತಿಗೆ ಜನ ಗದ್ದಲ ಎಬ್ಬಿಸಿದರು: "ಪಾಲಜ್ಜ, ಜಳ್ಡಿ! ಜಳ್ಡಿ ಹೇಳು!"

ವೇದಿಕೆ ಹತ್ತಿದವರು ಅರವತ್ತೈದು ದಾಟಿದ, ನೆಟ್ಟಗೆ ನಿಂತ, ಬಿಳಿ ಮೀಸೆಯ ಮನುಷ್ಯ. ಕೊಕ್ಕನೂರಿನ ರೈತ ಪಾಲಯ್ಯ. ಒಂದು ಕಾಲದಲ್ಲಿ ಊರ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡುತ್ತಿದ್ದವರಂತೆ. ಅಕ್ಷರ ಬಾರದು, ಪಾರ್ಟನ್ನು ಒಂದು ಸಲ ಕೇಳಿದರೆ ಸಾಕಿತ್ತಂತೆ. ಮೈಕನ್ನು ಪಕ್ಕಕ್ಕೆ ಸರಿಸಿ ಶುರು ಮಾಡಿದರು.

"ಜಳ್ಡಿ ಐತೇನ್ರಿ ಅಂತ ಬಂದ, ಬಾಗ್ಲಾಗೆ ನಿಂತ,
ನೆಲ ನೋಡ್ಕೋಂತ ನಿಂತ, ನೆಲಕ್ಕೇ ಕೇಳ್ದ.
ಹಿಂದೆ ಕರ ಟವಲ್ ನುಂಗ್ತಿತ್ತು,
ಮುಂದೆ ಇವ ಮಾತು ನುಂಗ್ತಿದ್ದ."

ಸಭೆ ನಕ್ಕಿತು. ಪದ್ಯ ಇಷ್ಟೇ: ಒಬ್ಬ ನಾಚಿಕೆಯ ಹುಡುಗ, ಮನಸ್ಸು ಕೊಟ್ಟ ಹುಡುಗಿಯ ಮನೆಗೆ ಏನಾದರೂ ಕೇಳುವ ನೆಪ ಮಾಡಿ ಬರುತ್ತಾನೆ. ಮೊದಲು ಜರಡಿ. ಆಮೇಲೆ ಕಡಗೋಲು ("ಹೈನ ಇಲ್ಲದ ಮನಿಯಾವ ಬಂದ, ಕಡಗೋಲ್ ಕೊಡ್ರಿ ಅಂದ"). ಆಮೇಲೆ ಲಟ್ಟಣಿಗೆ, ಸೇರು, ಮೊರ, ಅಡಕೊತ್ತು. ಕೇಳಲು ಏನೂ ಉಳಿಯದೆ ಏಳನೇ ಸಲ ಬೀಸುಕಲ್ಲನ್ನೇ ಕೇಳಿ, ಅದನ್ನು ತಲೆ ಮೇಲೆ ಹೊತ್ತು ಓಣಿಯಲ್ಲಿ ಹೋಗುತ್ತಾನೆ. ಕೊನೆಗೆ ಹುಡುಗಿಗೇ ತಡೆಯುವುದಿಲ್ಲ.

"ಎಲ್ಲಾ ಒಯ್ದ್ಯಲ್ಲೋ ಮಾರಾಯ, ಇನ್ನೇನ್ ಬೇಕೋ ಅಂದ್ರೆ
ತಲಿ ಎತ್ತಿ ನೋಡ್ದ, ನೋಡೇ ನೋಡ್ದ,
ಜಳ್ಡಿ... ಅಂದ."

ಆ 'ಜಳ್ಡಿ'ಗೆ ಮುಂಚೆ ಪಾಲಯ್ಯ ಒಂದು ಉಸಿರು ತೆಗೆದುಕೊಂಡರು. ಇಡೀ ಮಂಟಪ ಅವರ ಜೊತೆ ಉಸಿರು ಹಿಡಿದಿತ್ತು. ಮದುಮಗ ಬಾಸಿಂಗ ಬಿಚ್ಚಿಟ್ಟು ನಕ್ಕ.

ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಹಾಗೆ ಕೈ ತಿರುಗಿಸುವಾಗ ಹೆಂಗಸರ ಸಾಲಿನಲ್ಲಿ ಒಬ್ಬರು ಕಣ್ಣಿಗೆ ಬಿದ್ದರು. ಎಲ್ಲರೂ ನಗುತ್ತಿದ್ದಾಗ ಅವರು ನಗುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಪಾಲಯ್ಯನವರಿಗಿಂತ ಅರ್ಧ ಸಾಲು ಮುಂದೆ. ಪಾಲಯ್ಯ ಒಂದು ಕಡೆ ಮೊರ ಮೊದಲು, ಸೇರು ಆಮೇಲೆ ಮಾಡಿದಾಗ ಆ ತುಟಿ ಗಕ್ಕನೆ ನಿಂತು, ತಿದ್ದಿಕೊಂಡು, ಮತ್ತೆ ಹೊರಟಿತು. ಪಕ್ಕದವರನ್ನು ಕೇಳಿದೆ. "ಪಾಲಜ್ಜನ ಹೆಂಡ್ತಿ, ಉಡಚಮ್ಮ" ಎಂದರು.

ನನ್ನೊಳಗಿನ ವಿಮರ್ಶಕ ಎದ್ದು ಕುಳಿತ. ಅವನು ಮಲಗಿಯೇ ಇದ್ದಿದ್ದರೆ ಒಳ್ಳೆಯದಿತ್ತು.

ಮುಂದಿನ ಭಾನುವಾರ ಅತೀಕ್ ಭಾಯಿಯ ಗಾಡಿ ಕೇಳಿ ತೆಗೆದುಕೊಂಡು, ಫೋಟೋ ನೆಪದಲ್ಲಿ ಕೊಕ್ಕನೂರಿಗೆ ಹೋದೆ. (ಆ ಪದ್ಯದ ಹುಡುಗನಿಗಿಂತ ನಾನೇನೂ ಮೇಲಲ್ಲ; ನನಗೂ ನೆಪ ಬೇಕು.) ಪಾಲಯ್ಯ ಜಗಲಿ ಮೇಲೆ ಕೂತಿದ್ದರು.

"ಬರ್ರಿ ಮೇಷ್ಟ್ರೆ, ಕೂಡ್ರಿ. ಪೇಪರ್ನಾಗೆ ಹಾಕ್ತೀರಂತೆ? ನಾನು ನಗೋ ಫೋಟೋ ಹಾಕ್ರಿ. ಅಳೋ ಫೋಟೋ ಆಧಾರ್ ಕಾರ್ಡ್ನಾಗೆ ಐತೆ."

ಮಾತು ಅಂದರೆ ಮಾತು. ಪದ್ಯದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಪಾಠ ಮಾಡಿದರು. "ಮಾತಿನಾಗೆ ಏನಿಲ್ರಿ. ಉಸಿರಿನಾಗೆ ಐತೆ ಎಲ್ಲಾ. ಮನುಷ್ಯ ಸುಳ್ಳು ಹೇಳಾಕೆ ಮುಂಚೆ ಒಂದು ಉಸಿರು ತಗೋತಾನೆ, ನಗಸಾಕೆ ಮುಂಚೆ ಒಂದು ತಗೋತಾನೆ. ಎರಡೂ ಬ್ಯಾರೆ ಬ್ಯಾರೆ. ನಾಟಕ ಮಾಡಿದೋನಿಗೆ ಗೊತ್ತಾಗ್ತೈತೆ."

ಜಗಲಿಯ ಪಕ್ಕದ ಗೋಡೆಯಲ್ಲಿ ಒಂದು ಬಾಗಿಲಿದ್ದ ಜಾಗವನ್ನು ಇಟ್ಟಿಗೆಯಿಂದ ಮುಚ್ಚಿದ್ದರು. ಆಚೆ ಯಾರ ಮನೆ ಎಂದೆ.

"ನಮ್ಮ ತಮ್ಮಂದು. ಒಂದು ಮಾತು ಅಂದಿದ್ದ. ಇಪ್ಪತ್ತೆಂಟು ವರ್ಷ ಆತು." ಪಾಲಯ್ಯ ನಗುನಗುತ್ತಲೇ ಹೇಳಿದರು. "ನಾನು ಕೈ ಎತ್ತಲ್ರಿ. ಕೂಗಾಡಲ್ಲ. ಮುಚ್ಚಿಬಿಡ್ತೀನಿ, ಅಷ್ಟೇ."

ಅಷ್ಟರಲ್ಲಿ ಒಳಬಾಗಿಲಲ್ಲಿ ಬಳೆ ಸದ್ದಾಯಿತು. ಪಾಲಯ್ಯ ತಿರುಗಿ ನೋಡಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚಿದರು. ಉಡಚಮ್ಮ ಹೊಸ್ತಿಲು ದಾಟದೆ ಚಹದ ಲೋಟಗಳನ್ನು ಆ ಕೈಗೆ ಇಟ್ಟರು. ಅವರ ಎಡಗೈಯ ಎರಡು ಬೆರಳು ಬಾಗುತ್ತಿರಲಿಲ್ಲ. ನಾನು ನೋಡಿದೆ, ಆದರೆ ನೋಡಿದ್ದು ಬೆರಳನ್ನಲ್ಲ. ಅವರ ಹಿಂದೆ, ತೆರೆದ ಕದದ ಮರೆಯಲ್ಲಿ, ಒಂದು ಮೊಳೆಗೆ ನೇತುಬಿದ್ದಿದ್ದ ಹಳೆಯ ಜರಡಿಯನ್ನು. ಬಿದಿರಿನ ಬಳೆ, ಹೊಗೆ ಹಿಡಿದು ಕಪ್ಪಾದದ್ದು. ಅದರಲ್ಲಿ ಯಾರೂ ಏನೂ ಜರಡಿ ಹಿಡಿದು ಎಷ್ಟೋ ವರ್ಷಗಳಾಗಿರಬೇಕು.

ಗಾಡಿ ಓಡಿಸುತ್ತಾ ಬರುವಾಗ ಹರಿಹರದ ತನಕ ನಗುತ್ತಲೇ ಬಂದೆ. ಸಿಕ್ಕಿತ್ತು.

ನಿಟ್ಟುವಳ್ಳಿಯ ನನ್ನ ಬಾಡಿಗೆ ರೂಮಿನಲ್ಲಿ ಒಂದೇ ಏಟಿಗೆ ಬರೆದೆ. ಪದ್ಯದ ಹುಡುಗ ಕೊನೆಯ ತನಕ ತಲೆ ಎತ್ತುವುದಿಲ್ಲ, ಹಿಂದೆ ತಿರುಗುವುದಿಲ್ಲ. ಹಾಗಾದರೆ ಅವನ ಬೆನ್ನ ಹಿಂದೆ ಕರು ಟವಲ್ ನುಂಗುತ್ತಿದ್ದುದನ್ನು ಕಂಡವರು ಯಾರು? ಅವನಿಗೆ ಎದುರಾಗಿ ಬಾಗಿಲ ಒಳಗೆ ನಿಂತಿದ್ದವರು. ಅಂದರೆ ಹುಡುಗಿ. ಆದುದರಿಂದ ಈ ಪದ್ಯ ಕಟ್ಟಿದ್ದು ಗಂಡಸಲ್ಲ, ಆ ಹುಡುಗಿಯೇ. ಆದುದರಿಂದ ಇದು ಕಲ್ಪನೆಯಲ್ಲ, ನಡೆದದ್ದು. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸುವವನಾಗಿದ್ದರೆ ನಾನು ವಿಮರ್ಶಕ ಯಾಕಾಗುತ್ತಿದ್ದೆ? ಎರಡನೇ ಪುಟದಲ್ಲಿ, ಕಲ್ಯಾಣಮಂಟಪದಲ್ಲಿ ಅರ್ಧ ಸಾಲು ಮುಂದೆ ಓಡುತ್ತಿದ್ದ ಉಡಚಮ್ಮನವರ ತುಟಿಯ ಬಗ್ಗೆ ಬರೆದೆ. ಮೂರನೇ ಪುಟದ ಕೊನೆಯ ಹನ್ನೊಂದು ಸಾಲುಗಳಲ್ಲಿ, ಕೊಕ್ಕನೂರಿನ ಮನೆಯ ಕದದ ಮರೆಯಲ್ಲಿ ಇಂದಿಗೂ ನೇತಾಡುತ್ತಿರುವ ಒಂದು ಜರಡಿಯ ಬಗ್ಗೆ ಬರೆದೆ. ಬರೆದು ನನಗೇ ಕಣ್ಣು ತುಂಬಿ ಬಂತು. ಉಡಚಮ್ಮನ ಬಗ್ಗೆ ಅಲ್ಲ, ನನ್ನ ಗದ್ಯದ ಬಗ್ಗೆ.

ಸೋಮವಾರ ಪಾಲಯ್ಯ ಏನೋ ಕೆಲಸಕ್ಕೆ ದಾವಣಗೆರೆಗೆ ಬಂದವರು ಪ್ರೆಸ್ಸಿಗೂ ಬಂದರು. "ಹೆಂಗ್ ಬಂದೈತೆ ನಮ್ಮ ಪದ್ಯ?" ಎಂದರು. ನಾನು ಮೂರು ಹಾಳೆ ಪ್ರಿಂಟ್ ತೆಗೆದು ಅವರ ಕೈಗಿಟ್ಟೆ. ಯಾರನ್ನು ಕುರಿತು ಬರೆದಿದ್ದೇವೋ ಅವರಿಗೆ ಮೊದಲು ತೋರಿಸಬೇಕು ಎಂಬ ನೀತಿ ನನ್ನದು. ಬೇರೆ ನೀತಿಗಳ ಬಗ್ಗೆ ಆಗ ಯೋಚನೆ ಬರಲಿಲ್ಲ. ಪದ್ಯ ತಮ್ಮ ಹೆಂಡತಿಯದು ಎಂದು ತಿಳಿದು ಅವರೇನೆಂದುಕೊಂಡಾರು? 'ಅರೆ, ನಮ್ಮಾಕಿ ಎಷ್ಟು ಜಾಣೆ' ಎಂದು ಹಿಗ್ಗುತ್ತಾರೆ ಎಂದೇ, ನಿಜವಾಗಿ, ನಾನು ತಿಳಿದಿದ್ದೆ.

ಪಾಲಯ್ಯ ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನಗೆ ಓದಾಕೆ ಬರಲ್ಲ. ನಮ್ಮಾಕಿ ಏಳನೇತ್ತ ಓದ್ಯಾಳೆ. ಎಲ್ಲಾ ಅವಳೇ ಓದಾದು. ಕರೆಂಟ್ ಬಿಲ್ಲು, ಸೊಸೈಟಿ ಕಾಗದ, ಎಲ್ಲಾ." ಮಡಚಿ ಎದೆ ಜೇಬಿಗೆ ಇಟ್ಟುಕೊಂಡು ಹೋದರು.

ಗುರುವಾರ ಮಧ್ಯಾಹ್ನ, ಅತೀಕ್ ಭಾಯಿ ನಮಾಜಿಗೆ ಹೋಗಿದ್ದ ಹೊತ್ತಿಗೆ, ಬಾಗಿಲಲ್ಲಿ ಒಬ್ಬರು ನಿಂತರು. ಹೊಸ್ತಿಲು ದಾಟಲಿಲ್ಲ. ಉಡಚಮ್ಮ.

"ನೀನೇ ಏನಪ್ಪಾ ಬರೆದಾವ?"

ಎದ್ದು ಕುರ್ಚಿ ಕೊಟ್ಟೆ. ಕೂತ ಮೇಲೆ ಕುಡಿಯಲು ನೀರು ಕೇಳಿದರು. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಒಂದೇ ಸಮ ಹೇಳಿದರು. "ಕಣ್ಣು ತೋರ್ಸಾಕೆ ಹೋಗ್ತೀನಿ ಅಂತ ಹೇಳಿ ಬಂದೀನಿ. ನಾಕು ಗಂಟೆ ಬಸ್ಸಿಗೆ ವಾಪಸ್ ಹೋಗ್ಬೇಕು. ದಿನಾ ಸಂಜೆ ಒಂದು ಹಾಳೆ ಓದಿಸ್ಯಾರೆ, ಸೋಮವಾರ, ಮಂಗಳವಾರ, ನಿನ್ನೆ. ದೀಪ ಹಚ್ಚಿದ ಮ್ಯಾಲೆ ಕಣ್ಣು ಮುಚ್ಕೊಂಡು ಕುಂದ್ರುತಾರೆ. ಓದು ಅಂತಾರೆ."

ಖಾಲಿ ಲೋಟ ತೆಗೆದಿಟ್ಟು ಕೇಳಿದೆ: "ಓದಿದ್ರಾ?"

"ಓದಿದೆ. ನೀ ಬರೆದದ್ದಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗಂಡ ಎದುರು ಕೂತಿದ್ದಾನೆ. ಕೈಯಲ್ಲಿ ನನ್ನ ಹಾಳೆ. ಅದರಲ್ಲಿ ಅವರ ಗುಟ್ಟು ಸಾಲು ಸಾಲಾಗಿ ಬಿಚ್ಚಿಕೊಂಡಿದೆ. ಮೊದಲ ಪ್ಯಾರಾದಲ್ಲೇ ಅವರಿಗೆ ಅದು ಎತ್ತ ಹೊರಟಿದೆ ಎಂದು ತಿಳಿಯಿತು. ಅಲ್ಲಿಂದ ಮುಂದೆ ಕಣ್ಣು ನನ್ನ ಸಾಲಿನ ಮೇಲೆ, ಬಾಯಲ್ಲಿ ತಮ್ಮದೇ ಸಾಲು. ಮೂರು ಸಂಜೆ ಹಾಗೇ ಓದಿದ್ದಾರೆ.

"ಈಗ ಭಾನುವಾರ ನಿನ್ನ ಪೇಪರ್ ಬರ್ತೈತೆ. ಊರಾಗೆ ಹತ್ತು ಮಂದಿ ಓದಿ ಹೇಳ್ತಾರೆ. ಪೇಪರ್ನಾಗೆ ಒಂದು, ನಾನು ಓದಿದ್ದು ಒಂದು ಆದ್ರೆ..." ಮಾತು ನಿಲ್ಲಿಸಿ, ಎಡಗೈ ಮೇಜಿನ ಮೇಲಿಟ್ಟರು. ಬಾಗದ ಆ ಎರಡು ಬೆರಳು. "ಬಳೆಗಾರ ಬಂದಿದ್ದ. ಏನೋ ಅಂದ, ನಕ್ಕೆ. ಅವ ಹೋದ ಮ್ಯಾಲೆ ಕೈ ಕದದಾಗೆ ಇಡು ಅಂದ್ರು. ಇಟ್ಟೆ. ಮುಚ್ಚಿದ್ರು. ಬೈಲಿಲ್ಲ, ಹೊಡಿಲಿಲ್ಲ. ಆಮ್ಯಾಲೆ ಅವ್ರೇ ಎಣ್ಣೆ ಕಾಸಿ ತಂದ್ರು."

ಕರು ಟವಲ್ ತಿಂದದ್ದನ್ನು ಕಂಡುಹಿಡಿದ ಕಣ್ಣಿಗೆ ಬೆರಳು ಕಂಡೂ ಕಾಣದೆ ಹೋಗಿತ್ತು.

"ತೆಗೆದುಬಿಡ್ತೀನಮ್ಮ. ಹಾಕೋದೇ ಇಲ್ಲ" ಎಂದೆ.

"ಹಾಕ್ಲಿಲ್ಲ ಅಂದ್ರೆ ಯಾಕ ಹಾಕ್ಲಿಲ್ಲ ಅಂತ ಬರ್ತಾರೆ. ಆಗ್ಲೇ ಊರಿಗೆಲ್ಲಾ ಹೇಳ್ಯಾರೆ. ನಾನು ಓದಿದ್ದೇ ಹಾಕು. ಹೇಳ್ತೀನಿ, ಬರ್ಕೋ. ಅವ್ರು ಒಂದು ಸಲ ಕೇಳಿದ್ರೆ ಮರೆಯಲ್ಲ. ಒಂದು ಮಾತು ಆಕಡೆ ಈಕಡೆ ಆಗಬಾರ್ದು."

ನಾನು ಕೀಬೋರ್ಡಿನ ಮುಂದೆ ಕೂತೆ. ಅವರು ಕಣ್ಣು ಮುಚ್ಚಿಕೊಂಡು ಶುರು ಮಾಡಿದರು, ಅಚ್ಚ ಪುಸ್ತಕದ ಕನ್ನಡದಲ್ಲಿ.

"'ಕರು ಟವಲ್ ನುಂಗಿದ್ದನ್ನು ಕಂಡವರು ಯಾರು? ಇಡೀ ಓಣಿಯೇ ಕಂಡಿದೆ. ನಾಚಿಕೆಯುಳ್ಳವನ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಅವನೊಬ್ಬನಿಗೆ ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಆದುದರಿಂದ ಈ ಪದ್ಯವನ್ನು ಯಾರೋ ಒಬ್ಬರು ಕಟ್ಟಿದ್ದಲ್ಲ, ಓಣಿ ಕಟ್ಟಿದ್ದು.'" ಕಣ್ಣು ತೆರೆದರು. "'ಆದುದರಿಂದ' ಅಂತ ಅಲ್ಲಲ್ಲಿ ಹಾಕೀನಿ. ನೀನು ಭಾಳ ಹಾಕ್ತೀಯಲ್ಲ."

ನಾನು ಟೈಪ್ ಮಾಡುತ್ತಾ ನಾಚಿಕೆಯಿಂದ ನೆಲ ನೋಡಿದೆ. ಅವರ ವಿಶ್ಲೇಷಣೆ ನನ್ನದಕ್ಕಿಂತ ಚೆನ್ನಾಗಿತ್ತು. ಅರ್ಧ ಸಾಲು ಮುಂದೆ ಓಡಿದ ತುಟಿಯ ಜಾಗದಲ್ಲಿ, ಪಾಲಯ್ಯ ಹೇಳಲು ನಿಂತರೆ ಹೆಂಗಸರೆಲ್ಲ ತುಟಿ ಅಲುಗಿಸುತ್ತಾರೆ, ಅಷ್ಟು ಬಾಯಿಪಾಠವಾಗಿದೆ ಎಂದಿತ್ತು. ಒಂದು ಕಡೆ ಲೇಖಕನಾದ ನನ್ನ ಬಗ್ಗೆಯೇ ತಮಾಷೆಯೂ ಇತ್ತು: 'ಈ ಲೇಖಕನೂ ಫೋಟೋ ನೆಪ ಮಾಡಿ ಬಂದು ಬಾಗಿಲಲ್ಲಿ ನಿಂತವನೇ.' ಪಾಲಯ್ಯ ಅದಕ್ಕೆ ಬಿದ್ದು ಬಿದ್ದು ನಕ್ಕಿದ್ದರಂತೆ.

ಮೂರನೇ ಹಾಳೆಯ ಅರ್ಧದಲ್ಲಿ ನಿಲ್ಲಿಸಿದರು. "ಇಲ್ಲಿಗೆ ಮುಗೀತು ಅಂದೆ. ಆಮ್ಯಾಲಿಂದು ಓದಲಿಲ್ಲ. ಜಳ್ಡಿ ಅಂತ ಬಂತು ನೋಡು, ನಾಲಿಗಿ ಏಳಲಿಲ್ಲ."

"ಜರಡಿ ಇನ್ನೂ ಅಲ್ಲೇ ಐತಲ್ಲಮ್ಮ..."

"ಇವತ್ತು ಮುಂಜಾನೆ ಒಲಿಗೆ ಹಾಕಿ ಬಂದೀನಿ. ಇಲಿ ಕಡಿದಿತ್ತು ಅಂತ ಹೇಳೀನಿ."

ಅತೀಕ್ ಭಾಯಿ ಬಂದವರು ಬಾಗಿಲಲ್ಲೇ ನಿಂತು ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ, ಎರಡು ಚಹಾ ಹೇಳಿ ಹೊರಗೆ ಬೆಂಚಿನ ಮೇಲೆ ಕೂತರು. ಚಹಾ ಆರುವ ತನಕ ಉಡಚಮ್ಮ ಮಾತಾಡಿದರು. ನಾನು ಕೇಳಿರಲಿಲ್ಲ. ಬಹುಶಃ ಕೇಳದೆ ಇದ್ದುದಕ್ಕೇ ಹೇಳಿದರು.

ತವರು ಹೊಳೆ ಆಚೆ. ಅಪ್ಪ ಇರಲಿಲ್ಲ, ಅಣ್ಣನ ಮನೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಹುಡುಗ ಅದೇ ಓಣಿಯವನು. "ಏಳು ಸಲ ಬಂದ, ಏಳು ಸಾಮಾನು ಒಯ್ದ. ಕೈ ಸುತಾ ತಾಕಿಲ್ಲಪ್ಪಾ. ಮಾತು ಅಂದ್ರೆ ಆ ಸಾಮಾನಿನ ಹೆಸರು, ಅಷ್ಟೇ." ಎಂಟನೇ ಸಲ ಬರುತ್ತಾನೆಂದು ಕಾದರು. ಅಷ್ಟರಲ್ಲಿ ಅಣ್ಣ ಕೊಕ್ಕನೂರಿನ ಸಂಬಂಧ ನೋಡಿ ವೀಳ್ಯ ಮಾಡಿಸಿದ. ಆ ದಿನ ಸಂಜೆ ಹುಡುಗನ ತಾಯಿ ಆರು ಸಾಮಾನನ್ನು ಒಂದು ಪುಟ್ಟಿಯಲ್ಲಿ ತುಂಬಿ, ಬೀಸುಕಲ್ಲನ್ನು ಆಳಿನ ತಲೆ ಮೇಲೆ ಹೊರಿಸಿ, ವಾಪಸು ತಂದಿಟ್ಟು ಹೋದಳು. ಹುಡುಗ ಸೇತುವೆ ದಾಟಿ ಎಲ್ಲೋ ಕೆಲಸಕ್ಕೆ ಹೋದವನು ಮತ್ತೆ ಕಾಣಲಿಲ್ಲ. ಇವರು ತವರಿನಿಂದ ಬರುವಾಗ ಬಳುವಳಿ ಪಾತ್ರೆಗಳ ಜೊತೆ ಆ ಜರಡಿಯನ್ನೂ ತಂದರು. ಅತ್ತೆ, ಮನೆಯಲ್ಲಿ ಎರಡು ಜರಡಿ ಯಾಕೆ ಎಂದು ಕೇಳಿ ಸುಮ್ಮನಾದಳು.

ಗಂಡನ ಮನೆಯ ಮೊದಲ ವರ್ಷ, ಬೀಸುತ್ತಾ ಬೀಸುತ್ತಾ ಪದ್ಯ ಕಟ್ಟಿದರು. ಅಳುವುದಕ್ಕೆಂದು ಶುರು ಮಾಡಿದ್ದು. ಹಾಡಿನಲ್ಲಿ ನಗು ಬಂದುಬಿಟ್ಟಿತು. ಒಂದು ದಿನ ಕದದ ಆಚೆ ಪಾಲಯ್ಯ ನಿಂತು ಕೇಳಿಸಿಕೊಂಡಿದ್ದರು. ಯಾರದು ಎಂದರು. ತವರೂರಾಗೆ ಹೇಳ್ತಿದ್ರು ಎಂದರು ಇವರು. ಮರುದಿನ ಪಾಲಯ್ಯ ಅದನ್ನು ಪೂರ್ತಿ ಒಪ್ಪಿಸಿದರು. ಅಲ್ಲಿಂದ ಅದು ಅವರ ಪದ್ಯ.

"ನಲ್ವತ್ತು ವರ್ಷ ಹೇಳ್ಕೋಂತ ತಿರುಗ್ಯಾರೆ. ಊರೂರು ನಗಿಸ್ಯಾರೆ. ನನ್ನ ಮುಂದೇನೇ. ಒಂದೊಂದು ಸಲ ನನಗೂ ನಗು ಬರ್ತೈತೆ ನೋಡು, ಅದಕ್ಕೆ." ಲೋಟ ಕೆಳಗಿಟ್ಟರು. "ಚೆನ್ನಾಗಿ ಹೇಳ್ತಾರೆ. ಅದನ್ನ ಸುಳ್ಳು ಅನ್ನಬಾರ್ದು."

ನಾಲ್ಕು ಗಂಟೆಗೆ ಹೋದರು. ಹೊಸ್ತಿಲಲ್ಲಿ ತಿರುಗಿ, "ನಿಂದೂ ಚೆನ್ನಾಗೈತೆ. ಖರೇ ಐತೆ. ಅದೇ ತಪ್ಪು" ಎಂದರು. ನನ್ನ ವಿಮರ್ಶೆಗೆ ಬಂದ ಏಕೈಕ ವಿಮರ್ಶೆ ಅದು.

ಭಾನುವಾರ ಅವರು ಹೇಳಿದ್ದೇ ಅಚ್ಚಾಯಿತು, ನನ್ನ ಹೆಸರಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಪಾಲಯ್ಯ ಬಂದರು. ಕೈಯಲ್ಲಿ ಪೇಪರ್. ಮದುವೆ ಕಾರ್ಡಿನ ಅರ್ಜೆಂಟ್ ಇದ್ದುದರಿಂದ ನಾನೊಬ್ಬನೇ ಪ್ರೆಸ್ಸಿನಲ್ಲಿದ್ದೆ.

"ಊರಾಗೆ ಓದಿಸ್ದೆ. ಆದ್ರೂ ಬರೆದಾವ್ರ ಬಾಯಾಗೆ ಕೇಳಾಣ ಅಂತ. ಓದ್ರಿ ಮೇಷ್ಟ್ರೆ." ಕುರ್ಚಿ ಎಳೆದುಕೊಂಡು ಕೂತು ಕಣ್ಣು ಮುಚ್ಚಿದರು.

ಓದಿದೆ. ಪ್ರತಿ ಮಾತಿಗೂ ಅವರ ತಲೆ ಅಲುಗುತ್ತಿತ್ತು, ತಾಳೆ ನೋಡುವವರ ಹಾಗೆ. ಫೋಟೋ ನೆಪದ ಮಾತು ಬಂದಾಗ ನಕ್ಕರು. ಮುಗಿಸಿದೆ.

"ತಾಳೆ ಆತು. ಒಂದಕ್ಷರ ಆಕಡೆ ಈಕಡೆ ಇಲ್ಲ" ಎಂದರು. ನನ್ನ ಬೆನ್ನಿನ ಬೆವರು ಆರತೊಡಗಿತು. ಆಗ ಅವರು ಎದೆ ಜೇಬಿಗೆ ಕೈ ಹಾಕಿ ಆ ಮೂರು ಹಾಳೆ ತೆಗೆದರು. ಮೊದಲೆರಡನ್ನು ಮೇಜಿನ ಮೇಲಿಟ್ಟು, ಮೂರನೇ ಹಾಳೆಯನ್ನು ನನ್ನ ಮುಂದೆ ಹಾಸಿದರು. ಅರ್ಧದಲ್ಲಿ ಹೆಬ್ಬೆರಳು ಊರಿದರು.

"ನನಗೆ ಅಕ್ಷರ ಬರಲ್ಲ. ಎಣಿಸಾಕೆ ಬರ್ತೈತೆ. ಆಕಿ ಇಲ್ಲಿಗೆ ಮುಗೀತು ಅಂದ್ಲು. ಇದರ ಕೆಳಗೆ ಹನ್ನೊಂದು ಸಾಲು ಅದಾವೆ. ಪೇಪರ್ನಾಗೂ ಇಲ್ಲ. ಅವು ಏನು? ಓದ್ರಿ."

ನಾನು ಹಾಳೆ ನೋಡಿದೆ. 'ಆ ಜರಡಿ ಇಂದಿಗೂ ಕೊಕ್ಕನೂರಿನ ಒಂದು ಕದದ ಮರೆಯಲ್ಲಿ' ಎಂದು ಶುರುವಾಗುವ, ನನಗೇ ಕಣ್ಣೀರು ತರಿಸಿದ್ದ ಪ್ಯಾರಾ. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ಅವರ ಹೆಬ್ಬೆರಳು ಅದನ್ನು ಒತ್ತಿ ಹಿಡಿದಿತ್ತು. ಒಂದು ಉಸಿರು ತೆಗೆದುಕೊಂಡೆ.

"'ವಂದನಾರ್ಪಣೆ'" ಎಂದೆ.

ನಮ್ಮ ನಾಡಿನಲ್ಲಿ ವಂದನಾರ್ಪಣೆಯನ್ನು ಯಾರೂ ಕೇಳುವುದಿಲ್ಲ. ಚಪ್ಪಲಿ ಹುಡುಕುವ ಸಮಯ ಅದು. ಓದದೆ ಬಿಟ್ಟರೆ ಯಾವ ಹೆಂಡತಿಯನ್ನೂ ಯಾರೂ ದೂರಲಾರರು. ಶುರು ಮಾಡಿದೆ: ಈ ಲೇಖನ ಬರೆಯಲು ಪ್ರೋತ್ಸಾಹಿಸಿದ ಪ್ರೆಸ್ಸಿನ ಮಾಲೀಕರಾದ ಶ್ರೀಯುತ ಅತೀಕ್ ಅವರಿಗೆ, ಗಾಡಿ ಕೊಟ್ಟ ಅದೇ ಅತೀಕ್ ಅವರಿಗೆ, ಹರಿಹರದ ಕಲ್ಯಾಣಮಂಟಪದ ವ್ಯವಸ್ಥಾಪಕರಿಗೆ, ಅಡುಗೆ ಭಟ್ಟರಿಗೆ, ಧ್ವನಿವರ್ಧಕದವರಿಗೆ. ಅವರ ತೋರುಬೆರಳು ಒಂದೊಂದೇ ಸಾಲು ಕೆಳಗೆ ಇಳಿಯುತ್ತಿತ್ತು. ನಾನು ಆ ಬೆರಳಿನ ಜೊತೆ ಇಳಿಯಬೇಕಿತ್ತು. ಆರನೇ ಸಾಲಿಗೆ ಜನ ಮುಗಿದರು. ವಧೂವರರಿಗೆ, ಅವರ ತಂದೆತಾಯಿಗಳಿಗೆ, ಎರಡೂ ಕಡೆಯ ಬಂಧುಗಳಿಗೆ ವಂದಿಸಿದೆ. ಜಗಲಿಯ ಮೇಲೆ ಕುಡಿದ ಚಹಕ್ಕೆ ವಂದಿಸಿದೆ. ಹನ್ನೊಂದನೇ ಸಾಲಿನ ಕೊನೆಗೆ ಬೆರಳು ಬಂದು ನಿಂತಾಗ "ಎಲ್ಲರಿಗೂ ಹೃತ್ಪೂರ್ವಕ ನಮಸ್ಕಾರಗಳು" ಎಂದು ನಿಲ್ಲಿಸಿದೆ.

"ಇಷ್ಟೇನಾ?"

"ಇಷ್ಟೇ ಅಜ್ಜ. ಪೇಪರಿನಲ್ಲಿ ಜಾಗ ಸಾಲಲಿಲ್ಲ."

"ಅದಕ್ಕೇ ಆಕಿ ಬಿಟ್ಟಾಳೆ" ಎಂದರು, ತಮಗೆ ತಾವೇ. ಆಮೇಲೆ, ಬೇರೇನೋ ನೆನಪಾದವರ ಹಾಗೆ: "ನಮ್ಮ ಮನ್ಯಾಗೆ ಒಂದು ಜಳ್ಡಿ ಇತ್ತು. ನೀವು ಬಂದಾಗ ನೋಡಿರಬೇಕು, ಕದದ ಹಿಂದೆ. ಮೊನ್ನೆ ಒಲಿಗೆ ಹಾಕ್ಯಾಳೆ. ಇಲಿ ಕಡೀತಂತೆ. ನಲ್ವತ್ತು ವರ್ಷ ಕಡೀಲಾರದ ಇಲಿ."

"ನಾನು ನೋಡಿಲ್ಲ" ಎಂದೆ.

"ನೋಡಿಲ್ಲೇನು?" ನಕ್ಕರು. "ಕರ ಟವಲ್ ತಿಂದದ್ದು ನೋಡೋ ಮಂದಿ ನೀವು."

"ಆ ಹಾಳೆ ಕೊಡ್ರಿ ಅಜ್ಜ. ಒಳ್ಳೆ ಪೇಪರ್ ಮೇಲೆ ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿ ಕೊಡ್ತೀನಿ. ಗೋಡೆಗೆ ಹಾಕ್ಬೋದು." ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

ಪಾಲಯ್ಯ ಮೊದಲೆರಡು ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ಇವು ಮಾಡ್ರಿ." ಮೂರನೆಯದನ್ನು ಸಾವಕಾಶ ಮಡಚಿ ಜೇಬಿಗಿಟ್ಟರು. "ಇದು ನನ್ನ ಹತ್ರ ಇರ್ಲಿ. ಮೊಮ್ಮಗಳು ಚೈತ್ರಾ ದಸರಾ ರಜಕ್ಕೆ ಬರ್ತಾಳೆ. ಚಂದ ಓದ್ತಾಳೆ ಕೂಸು." ಎದ್ದರು. ಬಾಗಿಲಲ್ಲಿ ನಿಂತು ಹೇಳಿದರು:

"ನೀವು ಈ ಹನ್ನೊಂದು ಸಾಲು ಓದಾಕೆ ಮುಂಚೆ ಒಂದು ಉಸಿರು ತಗೊಂಡ್ರಿ ನೋಡ್ರಿ. ಆಕಿನೂ ಅಲ್ಲೇ ತಗೊಂಡ್ಲು. ಅದೇ ಉಸಿರು."

ದಸರಾ ಬಂತು, ಹೋಯಿತು. ಚೈತ್ರಾ ಓದಿದಳೋ, ಓದಿದ್ದರೆ ಏನೆಂದು ಓದಿದಳೋ ನನಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ಬೆಳೆದ ಹುಡುಗಿಗೆ ಓದಲು ಕಲಿಸಿದ್ದು ಅಜ್ಜಿಯೇ ಎಂದು ಉಡಚಮ್ಮ ಆಮೇಲೊಮ್ಮೆ ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಒಲೆಗೆ ಹೋದ ಜರಡಿಯ ಮೊಳೆ ಮಾತ್ರ ಗೋಡೆಯಲ್ಲಿ ಹಾಗೇ ಇದೆಯಂತೆ. ಅದನ್ನು ಕೀಳಬೇಡ ಎಂದಿದ್ದಾರಂತೆ ಪಾಲಯ್ಯ.

ಈ ಸಲದ ಸೀಸನ್ನಿನಲ್ಲಿ ಹರಿಹರದ ಅದೇ ಮಂಟಪದಲ್ಲಿ ಮತ್ತೊಂದು ಮದುವೆ. ಕಾರ್ಡು ನಮ್ಮದೇ. ಈ ಸಲ ಊಟ ಸೇರಲಿಲ್ಲ. ಜನ ಕೂಗಿದರು, ಪಾಲಯ್ಯ ವೇದಿಕೆ ಹತ್ತಿದರು. ಜರಡಿ ಆಯಿತು, ಕರು ಟವಲ್ ನುಂಗಿತು, ಸಭೆ ನಕ್ಕಿತು. ಆಮೇಲೆ ಕಡಗೋಲು ಬರಬೇಕಾದ ಕಡೆ ಅವರು ಲಟ್ಟಣಿಗೆ ಎಂದರು. ಮರೆತು ಅಲ್ಲ. ಹಾಗೆ ತಪ್ಪು ಹೇಳಿ ಅಲ್ಲಿಯೇ ನಿಂತು, ಹೆಂಗಸರ ಸಾಲಿನ ಕಡೆ ನೋಡಿದರು. ಉಸಿರು ಹಿಡಿದಿದ್ದರು. ನಗಿಸುವುದಕ್ಕೆ ಮುಂಚಿನ ಉಸಿರಲ್ಲ ಅದು.

ಉಡಚಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಲ್ಲರ ಜೊತೆ ನಗುತ್ತಿದ್ದರು. ತುಟಿ ತಿದ್ದಲಿಲ್ಲ.

ಪಾಲಯ್ಯ ಮುಂದಿನ ಸಾಲಿಗೆ ಹೋದರು. ಇನ್ನೂ ಐದು ಸಾಮಾನು ಬಾಕಿ ಇದ್ದವು.